ಆರು ದಿನದಲ್ಲಿ ಎರಡು ಭಾಷಣ

1948ನೆಯ ಇಸವಿಯ ಸೆಪ್ಟೆಂಬರ್ 17, ಶುಕ್ರವಾರ. ಆ ಸಂಜೆ ಹೈದರಾಬಾದು ಸಂಸ್ಥಾನದ ಏಳನೆಯ ನಿಜಾಮರಾದ ಮೀರ್ ಉಸ್ಮಾನ್ ಅಲಿ ಖಾನರು ರಾಜಧಾನಿಯ ಬಾನುಲಿ ಕೇಂದ್ರಕ್ಕೆ ಬಂದು ತಮ್ಮ ಪ್ರಜೆಗಳನ್ನು ಉದ್ದೇಶಿಸಿ ಮಾತನಾಡಿದರು. 1911ರಲ್ಲಿ ಪಟ್ಟವೇರಿದ ದೊರೆ. ಮೂವತ್ತೇಳು ವರ್ಷ ಫರ್ಮಾನುಗಳ ಮೂಲಕವೇ ಆಳಿದವರು. ಫರ್ಮಾನಿಗೆ ಮೊಹರು ಇರುತ್ತದೆ, ಸ್ವರವಿರುವುದಿಲ್ಲ. ಕೇಳುವವನಿಗೆ ಅದರಲ್ಲಿ ನಡುಕವೋ ಸಂಕೋಚವೋ ಗೊತ್ತಾಗುವ ಭಯವಿಲ್ಲ. ಬಾನುಲಿ ಹಾಗಲ್ಲ. ಅಂದು ಅವರು ಹೇಳಿದ್ದು ಇಷ್ಟು: ತಮ್ಮ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿದೆ, ರಾಜಕೀಯ ಪರಿಸ್ಥಿತಿಯನ್ನು ತಾವೇ ಕೈಗೆತ್ತಿಕೊಂಡಿದ್ದಾರೆ, ಸೈನ್ಯಕ್ಕೆ ಕದನವಿರಾಮದ ಅಪ್ಪಣೆಯಾಗಿದೆ, ಭಾರತದ ಸೇನೆ ಬೊಲಾರಂ ಮತ್ತು ಸಿಕಂದರಾಬಾದಿನ ಪಾಳೆಯಗಳಿಗೆ ಬಂದು ನೆಲಸಬಹುದು.

ನಾಲ್ಕು ದಿನದ ಹಿಂದೆ ಆರಂಭವಾಗಿದ್ದ ಯುದ್ಧ ಹೀಗೆ ಮುಗಿಯಿತು. ಯುದ್ಧವೆಂಬ ಮಾತನ್ನು ದಿಲ್ಲಿ ಒಪ್ಪುತ್ತಿರಲಿಲ್ಲ. ಅದರ ಪಾಲಿಗೆ ಅದು ಪೋಲೀಸು ಕಾರ್ಯಾಚರಣೆ. ಟ್ಯಾಂಕುಗಳನ್ನೂ ವಿಮಾನಗಳನ್ನೂ ಕಟ್ಟಿಕೊಂಡು ಹೊರಟ ಪೋಲೀಸರನ್ನು ಅದಕ್ಕೆ ಮುಂಚೆ ಯಾರೂ ಕಂಡಿರಲಿಲ್ಲ. ಭದ್ರತೆಯ ವಿಷಯದಲ್ಲಿ ಸರಕಾರಗಳು ಮೊದಲು ಮಾಡುವ ಕೆಲಸ ನಾಮಕರಣವೇ ಅಲ್ಲವೇ!

ಕಲಬುರಗಿ ಆಗ ಗುಲ್ಬರ್ಗಾ. ಮುಂಬಯಿಯಿಂದ ಮದರಾಸಿಗೆ ಹೋಗುವ ರೈಲು ಹಾದಿಯ ಮೇಲಿನ ಊರಾದ್ದರಿಂದ ಸುದ್ದಿಗೆ ಬರವಿರಲಿಲ್ಲ. ಬಾನುಲಿ ಪೆಟ್ಟಿಗೆಗಳಿಗೆ ಮಾತ್ರ ಬರವಿತ್ತು. ಪೇಟೆಯ ಕೆಲವು ಸಾಹುಕಾರರ, ವಕೀಲರ, ಅಧಿಕಾರಿಗಳ ಮನೆಗಳಲ್ಲಿ ಅವು ಇದ್ದುವು. ಹಳ್ಳಿಗಳಲ್ಲಿ ಇರಲಿಲ್ಲವೆಂದರೂ ನಡೆದೀತು. ಇಂದು ಕುಸನೂರ ರಸ್ತೆಯ ಮನೆಗಳು ಸಾಲುಗಟ್ಟಿ ಕುಸನೂರನ್ನು ನಗರಕ್ಕೆ ಸೇರಿಸಿಬಿಟ್ಟಿವೆ; ಅಂದು ಅದು ಪೇಟೆಗೆ ಹೊರಗಾದ ಹಳ್ಳಿ. ಅಂಥ ಊರಿಗೆ ದೊರೆಯ ಮಾತು ತಲುಪಬೇಕಾದರೆ ಪೇಟೆಯಲ್ಲಿ ಕೇಳಿದವನೊಬ್ಬ, ಅವನಿಂದ ತಿಳಿದವನೊಬ್ಬ, ಅವನ ಮಾತನ್ನು ಗಾಡಿಯಲ್ಲಿ ಹೊತ್ತು ತಂದವನೊಬ್ಬ, ಹೀಗೆ ಮೂರು ಬಾಯಿ ದಾಟಿಯೇ ಬರಬೇಕು. ಅರಮನೆಯ ಭಾಷೆ ಒಂದು, ಕಚೇರಿಯ ಭಾಷೆ ಉರ್ದು, ಹೊಲದ ಭಾಷೆ ಕನ್ನಡ. ಆದರೂ ಹೀಗೆ ಬಂದ ಮಾತಿಗೆ ಒಂದು ಅನುಕೂಲವಿದೆ: ದಾರಿಯಲ್ಲಿ ಅದರ ಆಡಂಬರವೆಲ್ಲ ಉದುರಿಹೋಗಿ ಉಳಿಯುವುದು ತಿರುಳು. ‘ಲಡಾಯಿ ನಿಂತಿತಂತೆ.’ ಅದಕ್ಕೆ ಕೇಳಿದವನ ಮೊದಲ ಪ್ರಶ್ನೆ, ‘ಯಾರು ಹೇಳಿದರು?’ ಎರಡನೆಯದು, ‘ಹಾಗಾದರೆ ರಜಾಕಾರರು ಎಲ್ಲಿ ಹೋದರು?’

ಎರಡನೆಯ ಪ್ರಶ್ನೆಗೆ ಕಾರಣವಿತ್ತು. ಹಿಂದಿನ ಹದಿನೈದು ತಿಂಗಳು ಆ ಜನ ಕೇಳಿದ್ದೆಲ್ಲ ಭದ್ರತೆಯ ಮಾತೇ. 1947ರ ಜೂನ್ ತಿಂಗಳ ಫರ್ಮಾನಿನಲ್ಲಿ ನಿಜಾಮರು, ಬ್ರಿಟಿಷರು ಹೊರಟೊಡನೆ ತಾವು ಸ್ವತಂತ್ರ ಸಾರ್ವಭೌಮರಾಗುವುದಾಗಿ ಸಾರಿದರು. ನವೆಂಬರ್ 29ರಂದು ಭಾರತದೊಡನೆ ಒಂದು ವರ್ಷದ ಯಥಾಸ್ಥಿತಿ ಒಪ್ಪಂದವಾಯಿತು. ಒಪ್ಪಂದದ ಶಾಯಿ ಆರುವ ಮುಂಚೆಯೇ ಸಂಸ್ಥಾನದಲ್ಲಿ ಯಾವ ಸ್ಥಿತಿಯೂ ಯಥಾಪ್ರಕಾರ ಉಳಿಯಲಿಲ್ಲ. ಇತ್ತೆಹಾದುಲ್ ಮುಸಲ್ಮೀನ್ ಸಂಸ್ಥೆಯ ಅಧ್ಯಕ್ಷನಾಗಿದ್ದ ಲಾತೂರಿನ ವಕೀಲ ಕಾಸಿಂ ರಜವಿ ಊರೂರಿನಲ್ಲಿ ಸ್ವಯಂಸೇವಕರ ಪಡೆ ಕಟ್ಟಿದ, ಅವರೇ ರಜಾಕಾರರು. ಸಂಸ್ಥಾನದ ರಕ್ಷಣೆಗಾಗಿ ಎರಡು ಲಕ್ಷ ರಜಾಕಾರರು ಸಿದ್ಧರಾಗಿದ್ದಾರೆಂದು ಹೇಳಿಕೊಳ್ಳಲಾಗುತ್ತಿತ್ತು. ದಿಲ್ಲಿಯ ಕೆಂಪು ಕೋಟೆಯ ಮೇಲೆ ಅಸಫಜಾಹಿ ಧ್ವಜವನ್ನು ಏರಿಸುವುದಾಗಿಯೂ, ಬಂಗಾಳ ಕೊಲ್ಲಿಯ ಅಲೆಗಳಿಂದ ನಿಜಾಮರ ಪಾದ ತೊಳೆಯಿಸುವುದಾಗಿಯೂ ರಜವಿ ಭಾಷಣ ಮಾಡಿದನೆಂದು ಪತ್ರಿಕೆಗಳು ಬರೆದುವು. ಆ ವರದಿ ಸರಿಯಲ್ಲವೆಂದು ಹೈದರಾಬಾದಿನ ಸರಕಾರ ಹೇಳಿತು. ಸುತ್ತ ನೆಲವೇ ಇದ್ದು ಸಮುದ್ರದ ಗಾಳಿಯೂ ಸೋಕದ ಸಂಸ್ಥಾನ ಅದು. ವಿರಾಟನಗರದ ಅಂತಃಪುರದಲ್ಲಿ ಹೆಂಗಳೆಯರ ಮುಂದೆ ಕೌರವ ಸೇನೆಯನ್ನು ಮುರಿದು ಬಂದ ಉತ್ತರಕುಮಾರನ ಕಥೆಯನ್ನು ಗಮಕಿಗಳ ಬಾಯಲ್ಲಿ ಕೇಳಿದ ನಾಡಿಗೆ ಇಂಥ ಪೌರುಷದ ರುಚಿ ಹೊಸತಲ್ಲ. ಆದರೆ ಉತ್ತರಕುಮಾರ ಬಡಪಾಯಿ. ಅವನ ಮಾತಿನಿಂದ ಯಾರ ಮನೆಯೂ ಸುಡಲಿಲ್ಲ.

ಇಲ್ಲಿ ಸುಟ್ಟುವು. 1948ರ ಮೇ ತಿಂಗಳಲ್ಲಿ ಬೀದರ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ರಜಾಕಾರರು ನಡೆಸಿದ ಹತ್ಯೆ ಆ ಸೀಮೆಯ ಜನರ ನೆನಪಿನಿಂದ ಇಂದಿಗೂ ಅಳಿದಿಲ್ಲ. ಅದೇ ತಿಂಗಳಲ್ಲಿ ಗುಲ್ಬರ್ಗಾದ ಹತ್ತಿರದ ಗಾಣಗಾಪುರ ನಿಲ್ದಾಣದಲ್ಲಿ ಮೇಲ್ ಗಾಡಿಯ ಪ್ರಯಾಣಿಕರ ಮೇಲೆ ಆಕ್ರಮಣ ನಡೆಯಿತು. ಹೊಲಮನೆ ಬಿಟ್ಟ ಸಂಸಾರಗಳು ರೈಲು ಹಿಡಿದು ಗಡಿಯಾಚೆಯ ದುಧನಿಗೆ, ಸೊಲ್ಲಾಪುರಕ್ಕೆ ನಡೆದುವು; ದಕ್ಷಿಣದ ಕಡೆಯವರು ಮುಂಡರಗಿ, ಗಜೇಂದ್ರಗಡಗಳ ಶಿಬಿರಗಳ ಆಶ್ರಯ ಪಡೆದರು. ಭದ್ರತೆಯ ಹೆಸರಿನಲ್ಲಿ ಕಟ್ಟಿದ ಪಡೆಯಿಂದಲೇ ಭದ್ರತೆ ಬೇಡಿ ಓಡುವ ಸ್ಥಿತಿ! ಬೇಲಿಯೇ ಎದ್ದು ಹೊಲ ಮೇಯ್ದದ್ದೆಂದರೆ ಇದೇ.

ದೊರೆಯ ಮಾತನ್ನು ಸಂಶಯದಿಂದ ಕೇಳಿದವರು ಹಿಂದೂಗಳಷ್ಟೇ ಎಂದು ಭಾವಿಸುವುದು ಆ ಕಾಲಕ್ಕೆ ಮಾಡುವ ಅನ್ಯಾಯ. ಸಂಸ್ಥಾನ ಭಾರತವನ್ನು ಸೇರುವುದೇ ಕ್ಷೇಮವೆಂದು ಹೈದರಾಬಾದಿನ ಕೆಲವು ಮುಸ್ಲಿಂ ಗಣ್ಯರು 1948ರ ಆಗಸ್ಟಿನಲ್ಲಿ ಬಹಿರಂಗವಾಗಿ ಬರೆದರು. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ತರುಣ ಸಂಪಾದಕ ಶೋಯೆಬುಲ್ಲಾ ಖಾನ್ ರಜಾಕಾರರ ಮಾತನ್ನು ದಿನದಿನವೂ ಅಕ್ಷರಗಳಲ್ಲಿ ಎದುರಿಸಿದ. ಆಗಸ್ಟ್ 21ರ ರಾತ್ರಿ ಮನೆಗೆ ಮರಳುತ್ತಿದ್ದವನಿಗೆ ಗುಂಡು ಹೊಡೆದು, ಬರೆಯುವ ಕೈಯನ್ನು ಕತ್ತರಿಸಿದರು. ಅಧಿಕೃತ ಮಾತನ್ನು ನಂಬದಿರುವುದಕ್ಕೆ ಆ ವರ್ಷ ಇಷ್ಟು ಬೆಲೆಯಿತ್ತು. ಪಡಸಾಲೆಯಲ್ಲಿ ಕುಳಿತು ಸರಕಾರವನ್ನು ಟೀಕಿಸುವವರ ಸಂದೇಹ ಬೇರೆ, ಅವನದು ಬೇರೆ.

ಸೆಪ್ಟೆಂಬರ್ 13ರ ನಸುಕಿನಲ್ಲಿ ಮೇಜರ್ ಜನರಲ್ ಜೆ. ಎನ್. ಚೌಧರಿಯವರ ಸೈನ್ಯ ಸೊಲ್ಲಾಪುರದ ಕಡೆಯಿಂದ ಒಳಹೊಕ್ಕು ಮೊದಲ ದಿನವೇ ನಳದುರ್ಗವನ್ನು ಹಿಡಿಯಿತು. ಅಲ್ಲಿಂದ ಉಮರ್ಗಾ, ರಾಜೇಶ್ವರ, ಹುಮನಾಬಾದು. ಹುಮನಾಬಾದಿನಿಂದ ಕಮಲಾಪುರದ ಮೇಲೆ ಗುಲ್ಬರ್ಗಾಕ್ಕೆ ನೇರ ರಸ್ತೆಯಿದೆ. ಸೇನೆಯ ವಾರ್ತೆಯೂ, ವಾರ್ತೆಗಿಂತ ಮುಂದಾಗಿ ವದಂತಿಯೂ ಕೆಳಗಿಳಿಯಲು ಅದಕ್ಕಿಂತ ಸುಗಮವಾದ ದಾರಿ ಬೇಕಿರಲಿಲ್ಲ. ಕರಾಚಿಯಿಂದ ಸಿಡ್ನಿ ಕಾಟನ್ ಎಂಬ ಸಾಹಸಿಗ ವೈಮಾನಿಕ ಬೀದರಿನ, ವಾರಂಗಲ್ಲಿನ ಬಯಲುಗಳಲ್ಲಿ ಇಳಿಸಿದ ಶಸ್ತ್ರಗಳು ಲೆಕ್ಕಕ್ಕೆ ಬರಲಿಲ್ಲ. ಭದ್ರತಾ ಸಮಿತಿಗೆ ಹೈದರಾಬಾದು ಸಲ್ಲಿಸಿದ್ದ ದೂರು ಪ್ಯಾರಿಸ್ಸಿನಲ್ಲಿ ಚರ್ಚೆಗೆ ಬಂದದ್ದು 16ರಂದು. ಮರುದಿನ ದೂರುದಾರನೇ ಕದನ ನಿಲ್ಲಿಸಿದ. 18ರಂದು ನಿಜಾಮರ ಸೇನಾಪತಿ ಎಲ್ ಎದ್ರೂಸ್ ಶರಣಾದ.

ಇಲ್ಲಿಗೆ ಕಥೆ ಮುಗಿದಿದ್ದರೆ ಹದಿನೇಳರ ಭಾಷಣ ಒಂದು ಸೋಲಿನ ಸಹಜವಾದ ಒಪ್ಪಿಗೆಯಾಗಿ ಇತಿಹಾಸದಲ್ಲಿ ಉಳಿಯುತ್ತಿತ್ತು. ಆದರೆ ಆರು ದಿನ ಕಳೆದು, ಸೆಪ್ಟೆಂಬರ್ 23ರಂದು, ನಿಜಾಮರ ಮಾತು ಮತ್ತೊಮ್ಮೆ ಬಾನುಲಿಯಲ್ಲಿ ಕೇಳಿಬಂತು. ಸ್ವಾರಸ್ಯವಿರುವುದೆಲ್ಲ ಈ ಎರಡನೆಯ ಭಾಷಣದಲ್ಲಿ. ಹಿಂದಿನ ವರ್ಷ ಒಂದು ಸಣ್ಣ ಗುಂಪು ಪ್ರಧಾನಿಯಾದ ಛತಾರಿಯ ನವಾಬರ, ಸಂವಿಧಾನ ಸಲಹೆಗಾರರಾದ ಸರ್ ವಾಲ್ಟರ್ ಮಾಂಕ್ಟನ್ನರ ಮನೆಗಳನ್ನು ಮುತ್ತಿ, ಅವರನ್ನು ಹೊರಗಟ್ಟಿ, ಲಾಯಕ್ ಅಲಿಯ ಮಂತ್ರಿಮಂಡಲವನ್ನು ತಮ್ಮ ಮೇಲೆ ಹೇರಿತು. ಕಾಸಿಂ ರಜವಿಯ ಆ ಗುಂಪು ಹಿಟ್ಲರನ ಜರ್ಮನಿಯ ರೀತಿಯಲ್ಲಿ ರಾಜ್ಯವನ್ನು ವಶಪಡಿಸಿಕೊಂಡು ಭಯವನ್ನು ಹರಡಿತು. ತಾವು ಸಂಪೂರ್ಣ ಅಸಹಾಯರಾಗಿದ್ದೆವು. ಇದು ಅದರ ಸಾರಾಂಶ. ಭದ್ರತಾ ಸಮಿತಿಯ ಮುಂದಿದ್ದ ದೂರನ್ನು ಅದರ ಹಿಂದಿನ ದಿನವೇ ತಂತಿಯ ಮೂಲಕ ಹಿಂತೆಗೆದುಕೊಂಡಿದ್ದರು.

ಇದರಲ್ಲಿ ಸತ್ಯವಿಲ್ಲವೆಂದು ಹೇಳುವಂತಿಲ್ಲ. 1947ರ ಅಕ್ಟೋಬರ್ ಕೊನೆಯಲ್ಲಿ ರಜವಿಯ ಜನ ಆ ಮನೆಗಳನ್ನು ಮುತ್ತಿದ್ದು ನಿಜ. ದಿಲ್ಲಿಗೆ ಹೊರಟಿದ್ದ ನಿಯೋಗ ನಿಂತುಹೋದದ್ದು ನಿಜ. ಛತಾರಿಯ ನವಾಬರು ಬಿಟ್ಟುಹೋದದ್ದೂ ನಿಜ. ಪೂರ್ಣ ಸುಳ್ಳನ್ನು ಹೇಳುವ ದೊರೆಗಳು ವಿರಳ. ಅರ್ಧ ಸತ್ಯವನ್ನು ತಡವಾಗಿ ಹೇಳುವವರೇ ಹೆಚ್ಚು. ಗುಲ್ಬರ್ಗಾದ ಪ್ರಜೆಗೆ ಸಂಶಯ ಬಂದದ್ದು ಸಂಗತಿಗಳ ಬಗೆಗಲ್ಲ, ತಿಥಿಗಳ ಬಗೆಗೆ. ಹತ್ತು ತಿಂಗಳು ಸುಮ್ಮನಿದ್ದ ಈ ಮಾತು ಚೌಧರಿಯವರ ಸೈನ್ಯ ಸಿಕಂದರಾಬಾದಿಗೆ ಬಂದ ವಾರದಲ್ಲಿಯೇ ಏಕೆ ಹೊರಬಿತ್ತು? ಹದಿನೇಳರಂದೇ ಏಕೆ ಹೇಳಲಿಲ್ಲ? ಅಸಹಾಯನಾದವನ ಮೊಹರು ಆ ಹತ್ತು ತಿಂಗಳು ಯಾವ ಯಾವ ಕಾಗದದ ಮೇಲೆ ಬಿತ್ತು? ಅಸಹಾಯರು ಗೋರಟಾದಲ್ಲಿದ್ದರು, ದುಧನಿಯ ಶಿಬಿರದಲ್ಲಿದ್ದರು. ಅವರ ಸಾಲಿನಲ್ಲಿ, ಜಗತ್ತಿನ ಅತ್ಯಂತ ಶ್ರೀಮಂತನೆಂದು ಅಮೆರಿಕದ ಪತ್ರಿಕೆಗಳು ವರ್ಣಿಸಿದ್ದ ಅರಸನೊಬ್ಬ ಬಂದು ನಿಂತಾಗ ಉಳಿದವರು ಸ್ವಲ್ಪ ಸರಿದು ಜಾಗ ಬಿಡಬೇಕಲ್ಲವೇ?

ಕುಸನೂರಿಗೆ ದೂರವಲ್ಲದ ಮಳಖೇಡದಲ್ಲಿ, ರಾಷ್ಟ್ರಕೂಟರ ಕಾಲದಲ್ಲಿ ರಚಿತವಾದ ‘ಕವಿರಾಜಮಾರ್ಗ’ ಕನ್ನಡಿಗರಿಗೆ ಎರಡು ಗುಣಗಳನ್ನು ಹೇಳುತ್ತದೆ: ಹದವರಿತು ಆಡಬಲ್ಲರು, ಆಡಿದ್ದನ್ನು ಅರಿತು ವಿಚಾರಿಸಬಲ್ಲರು. ಮೊದಲನೆಯ ಗುಣವನ್ನು ಸಭೆಗಳಲ್ಲಿ ಎಲ್ಲರೂ ಎತ್ತಿ ಹೊಗಳುತ್ತಾರೆ. ಎರಡನೆಯದರ ಕಡೆಗೆ ಅಷ್ಟು ಗಮನವಿಲ್ಲ. ಕೇಳಿದ ಮಾತನ್ನು ತೂಗಿ ನೋಡುವುದೂ ಒಂದು ವಿದ್ಯೆ, ಅದಕ್ಕೆ ಶಾಲೆಯ ಓದು ಬೇಕಾಗಿಲ್ಲವೆಂಬುದು ಆ ಗ್ರಂಥಕ್ಕೆ ತಿಳಿದಿತ್ತು.

ಮುಂದೆ ನಡೆದದ್ದು ಈ ತೂಕಕ್ಕೆ ಪೋಷಕವಾಗಿಯೇ ಇದೆ. ಎರಡನೆಯ ಭಾಷಣ ಎಲ್ಲರಿಗೂ ಅನುಕೂಲವಾದ ಭಾಷಣ. ದಿಲ್ಲಿಗೆ ಒಬ್ಬ ಅಪರಾಧಿ ಬೇಕಿದ್ದ, ರಜವಿ ಸಿಕ್ಕಿದ. 1957ರವರೆಗೆ ಸೆರೆಯಲ್ಲಿದ್ದು ಪಾಕಿಸ್ತಾನಕ್ಕೆ ಹೊರಟುಹೋದ. ಗೃಹಬಂಧನದಲ್ಲಿದ್ದ ಲಾಯಕ್ ಅಲಿ 1950ರಲ್ಲಿ ತಪ್ಪಿಸಿಕೊಂಡು ಅಲ್ಲಿಗೇ ಹೋದ. ನಿಜಾಮರು ಎಲ್ಲಿಗೂ ಹೋಗಲಿಲ್ಲ. 1950ರ ಜನವರಿ 26ರಿಂದ ಅವರು ಹೈದರಾಬಾದು ರಾಜ್ಯದ ರಾಜಪ್ರಮುಖರು. ವರ್ಷಕ್ಕೆ ಐವತ್ತು ಲಕ್ಷ ರೂಪಾಯಿಯ ರಾಜಧನ. 1956ರ ಅಕ್ಟೋಬರ್ 31ರಂದು ಆ ಪದವಿ ಮುಗಿಯಿತು. ಮರುದಿನ ಗುಲ್ಬರ್ಗಾ ವಿಶಾಲ ಮೈಸೂರಿಗೆ ಸೇರಿತು.

ನಿಜಾಮರ ವಿಷಯ ಬಂದಾಗ ಇನ್ನೊಂದು ಕಥೆಯನ್ನು ಬಿಡುವುದು ಕಷ್ಟ. 1965ರ ಯುದ್ಧದ ವೇಳೆ ಅವರು ದೇಶದ ರಕ್ಷಣೆಗೆ ಐದು ಸಾವಿರ ಕಿಲೋ ಚಿನ್ನ ದಾನ ಮಾಡಿದರೆಂಬ ಮಾತು ಇಂದಿಗೂ ಮನೆಮನೆಯಲ್ಲಿ ಚಲಾವಣೆಯಲ್ಲಿದೆ. ಅವರು ಕೊಟ್ಟದ್ದು 425 ಕಿಲೋ. ಅದೂ ದಾನವಲ್ಲ, ನೂರಕ್ಕೆ ಆರೂವರೆ ಬಡ್ಡಿಯ ರಾಷ್ಟ್ರೀಯ ರಕ್ಷಣಾ ಚಿನ್ನದ ಬಾಂಡಿನಲ್ಲಿ ಹೂಡಿಕೆ. ಅದೇನೂ ಕಡಿಮೆಯಲ್ಲ. ಆದರೆ ಯುದ್ಧದ ಒಲೆಯ ಮೇಲೆ ಇಟ್ಟರೆ ಚಿನ್ನವೂ ಸುಮಾರು ಹನ್ನೆರಡು ಪಟ್ಟು ಉಬ್ಬುತ್ತದೆ.

ಇದು ನಿಜಾಮಶಾಹಿಯ ರೋಗ, ಪ್ರಜಾಪ್ರಭುತ್ವಗಳಿಗೆ ತಟ್ಟುವುದಿಲ್ಲವೆನ್ನುವವರಿಗೆ ಅಮೆರಿಕದ ಉದಾಹರಣೆ ಸಾಕು. 1964ರ ಆಗಸ್ಟ್ 4ರ ರಾತ್ರಿ ಅಧ್ಯಕ್ಷ ಜಾನ್ಸನ್ನರು ದೂರದರ್ಶನದಲ್ಲಿ ಕಾಣಿಸಿಕೊಂಡು, ಟಾಂಕಿನ್ ಕೊಲ್ಲಿಯಲ್ಲಿ ತಮ್ಮ ಹಡಗುಗಳ ಮೇಲೆ ಉತ್ತರ ವಿಯೆಟ್ನಾಮು ಮತ್ತೆ ದಾಳಿ ಮಾಡಿದೆಯೆಂದೂ ಅದಕ್ಕೆ ಪ್ರತ್ಯುತ್ತರ ಕೊಡಲಾಗುತ್ತಿದೆಯೆಂದೂ ಹೇಳಿದರು. ಮೂರೇ ದಿನದಲ್ಲಿ ಶಾಸನಸಭೆ ಅವರ ಕೈಗೆ ಯುದ್ಧದ ಅಧಿಕಾರ ಕೊಟ್ಟಿತು. ಸೆನೆಟ್ಟಿನಲ್ಲಿ ಪರವಾಗಿ 88, ವಿರೋಧವಾಗಿ 2. ಆಗಸ್ಟ್ 2ರ ಮೊದಲ ದಾಳಿ ನಡೆದಿತ್ತು. 4ರ ಎರಡನೆಯದು ನಡೆದಿರಲೇ ಇಲ್ಲವೆಂಬುದು ಅವರದೇ ಗೂಢಚಾರ ಇಲಾಖೆಯ ಕಾಗದಗಳು 2005ರಲ್ಲಿ ತೆರೆದಾಗ ಸ್ಪಷ್ಟವಾಯಿತು. ಅಷ್ಟರಲ್ಲಿ ಐವತ್ತೆಂಟು ಸಾವಿರ ಅಮೆರಿಕನ್ನರೂ, ಅದಕ್ಕೆ ಎಷ್ಟೋ ಪಾಲು ಹೆಚ್ಚು ವಿಯೆಟ್ನಾಮಿನವರೂ ಸತ್ತಾಗಿತ್ತು. ನೆರೆಯ ಪಾಕಿಸ್ತಾನದ ಯಾಹ್ಯಾ ಖಾನರ ಸಂಗತಿ ಇನ್ನೂ ವಿಚಿತ್ರ. 1971ರ ಡಿಸೆಂಬರ್ 16ರಂದು ಢಾಕಾದಲ್ಲಿ ಅವರ ಸೇನಾಪತಿ ಶರಣಾಗತಿಗೆ ಸಹಿ ಹಾಕಿದ. ಅದೇ ಸಂಜೆ ಅಧ್ಯಕ್ಷರು ಬಾನುಲಿಯಲ್ಲಿ ಯುದ್ಧ ಮುಂದುವರಿಯುವುದೆಂದು ಸಾರಿದರು. ಮರುದಿನ ಕದನವಿರಾಮವನ್ನು ಒಪ್ಪಿದರು.

ಮನೆಯ ಮಾತಿಗೆ ಬಂದರೆ 1962 ಇದೆ. ಅಕ್ಟೋಬರ್ 12ರಂದು ಪಂಡಿತ ನೆಹರೂ ಅವರು, ಚೀನೀಯರನ್ನು ಹೊರದೂಡುವಂತೆ ಸೈನ್ಯಕ್ಕೆ ಆದೇಶವಾಗಿದೆಯೆಂದು ಪತ್ರಿಕೆಯವರಿಗೆ ಹೇಳಿದರು. ಎಂಟು ದಿನದಲ್ಲಿ ಚೀನದ ದಾಳಿ. 22ರಂದು ದೇಶಕ್ಕೆ ಬಾನುಲಿ ಭಾಷಣ. ನವೆಂಬರಿನಲ್ಲಿ ಬೊಮ್ಡಿಲಾ ಬಿದ್ದ ಸುದ್ದಿ ಹೊತ್ತ ಇನ್ನೊಂದು ಭಾಷಣ. ಮಂಗಳಸೂತ್ರವೊಂದನ್ನು ಬಿಟ್ಟು ಮೈಮೇಲಿನ ಬಂಗಾರವನ್ನೆಲ್ಲ ರಕ್ಷಣಾ ನಿಧಿಗೆ ಕೊಟ್ಟ ತಾಯಂದಿರ ನಾಡಿದು; ಅವರ ನಂಬಿಕೆಯನ್ನು ಯಾರೂ ಹಗುರಾಗಿ ಕಾಣಲಾಗದು. ಆದರೆ ತಾವು ವಾಸ್ತವದ ಸಂಪರ್ಕ ಕಳೆದುಕೊಂಡು, ತಾವೇ ಕಟ್ಟಿದ ಕೃತಕ ವಾತಾವರಣದಲ್ಲಿದ್ದೆವೆಂದು ನೆಹರೂ ಅವರೇ ಆ ಅಕ್ಟೋಬರಿನಲ್ಲಿ ಹೇಳಿದ್ದರು. ಒಂದು ಕಾಲಕ್ಕೆ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ತತ್ತ್ವಶಾಸ್ತ್ರ ಬೋಧಿಸಿದ್ದ ರಾಷ್ಟ್ರಪತಿ ರಾಧಾಕೃಷ್ಣನ್ನರು ತಮ್ಮ ಸರಕಾರದ ಅತಿನಂಬಿಕೆ, ಅಲಕ್ಷ್ಯಗಳನ್ನು ಮುಚ್ಚುಮರೆಯಿಲ್ಲದೆ ಎತ್ತಿಹೇಳಿದರು. ರಾಷ್ಟ್ರಪತಿಯ ಬಾಯಲ್ಲಿ ಇಂಥ ಮಾತು ಅಪರೂಪ. ಅದರ ಮುಂದೆ 23ನೆಯ ತಾರೀಖಿನ ನಿಜಾಮರ ಭಾಷಣವನ್ನು ಇಟ್ಟು ನೋಡಿದರೆ ವ್ಯತ್ಯಾಸ ತಾನಾಗಿ ಕಾಣುತ್ತದೆ: ಒಬ್ಬರು ತಮ್ಮ ಕಡೆಯ ತಪ್ಪನ್ನು ಹೇಳಿದರು, ಇನ್ನೊಬ್ಬರು ತಮ್ಮನ್ನು ಬಿಟ್ಟು ಉಳಿದವರದನ್ನು.

ನೆಹರೂ ಅವರದೇ ಮತ್ತೊಂದು ಭಾಷಣ ಗುಲ್ಬರ್ಗಾಕ್ಕೆ ಇನ್ನೂ ಹತ್ತಿರದ್ದು. 1948ರ ಸೆಪ್ಟೆಂಬರ್ 18ರಂದು, ಹೈದರಾಬಾದಿನ ಕಾರ್ಯ ಮುಗಿದ ಮರುದಿನ, ಅವರು ದೇಶಕ್ಕೆ ಬಾನುಲಿಯಲ್ಲಿ ಮಾತನಾಡುತ್ತ, ಈ ವಿಶಾಲ ದೇಶದಲ್ಲಿ ಎಲ್ಲಿಯೂ ಒಂದು ಕೋಮುವಾರು ಘಟನೆ ನಡೆಯಲಿಲ್ಲವೆಂದು ಸಂತೋಷ ವ್ಯಕ್ತಪಡಿಸಿದರು. ಆ ಮಾತಿನಲ್ಲಿ ಪ್ರಾಮಾಣಿಕತೆಯಿತ್ತು. ಆದರೆ ಗುಲ್ಬರ್ಗಾದಲ್ಲಿ ಶರಣಬಸವೇಶ್ವರರ ಗುಡಿಯ ಕಡೆಯವರು ನಿಟ್ಟುಸಿರು ಬಿಟ್ಟ ಹೊತ್ತಿಗೆ ಬಂದೇನವಾಜರ ದರ್ಗಾದ ಕಡೆಯವರು ಬಾಗಿಲು ಹಾಕಿಕೊಂಡರು. ರಜಾಕಾರರು ಎಲ್ಲಿ ಹೋದರೆಂಬ ಪ್ರಶ್ನೆಗೆ ಕೆಲವು ಊರುಗಳು ತಾವೇ ಉತ್ತರ ಹುಡುಕಹೊರಟುವು. ರಜಾಕಾರನಾಗಿದ್ದವನಿಗೂ, ಕೇವಲ ಮುಸಲ್ಮಾನನಾಗಿದ್ದವನಿಗೂ ನಡುವಿನ ಗೆರೆ ಆ ದಿನಗಳಲ್ಲಿ ಅಳಿಸಿಹೋಯಿತು.

ದಿಲ್ಲಿಗೆ ಬಂದ ದೂರುಗಳನ್ನು ಕೇಳಿ ನೆಹರೂ ಅವರು ತಮ್ಮ ಮಾತನ್ನೇ ಪರೀಕ್ಷೆಗೆ ಒಡ್ಡಿದರು. ಅವರ ಇಚ್ಛೆಯಂತೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ಸದ್ಭಾವನಾ ನಿಯೋಗ ನವೆಂಬರ್ ಕೊನೆಗೆ ಹೊರಟು ಡಿಸೆಂಬರಿನ ಮೂರನೆಯ ವಾರದವರೆಗೆ ಸಂಸ್ಥಾನದಲ್ಲಿ ಸಂಚರಿಸಿತು. ಸರ್ದಾರ ಪಟೇಲರಿಗೆ ಆ ನಿಯೋಗ ಹೋದದ್ದೇ ಸಮ್ಮತವಾಗಿರಲಿಲ್ಲ. ಅವರು ಸಲ್ಲಿಸಿದ ವರದಿಯ ಅಂದಾಜು, ಅವರೇ ಹೇಳುವಂತೆ ತೀರ ಕಡಿಮೆ ಹಿಡಿದರೂ, ಇಡೀ ಸಂಸ್ಥಾನದಲ್ಲಿ 27,000ದಿಂದ 40,000 ಸಾವು. ಅತಿ ಹೆಚ್ಚು ನೊಂದ ಜಿಲ್ಲೆಗಳು ನಾಲ್ಕು: ಉಸ್ಮಾನಾಬಾದು, ಗುಲ್ಬರ್ಗಾ, ಬೀದರ, ನಾಂದೇಡ, ಈ ನಾಲ್ಕರಲ್ಲಿಯೇ 18,000ಕ್ಕೆ ಕಡಿಮೆಯಿಲ್ಲ. ಈ ಅಂಕಿಗಳನ್ನು ಒಪ್ಪದವರಿದ್ದಾರೆ. ರಜಾಕಾರರ ಕ್ರೌರ್ಯವನ್ನೂ ಆ ವರದಿ ಮರೆಸುವುದಿಲ್ಲ.

ಸೆಪ್ಟೆಂಬರ್ 17 ಈಗ ಕಲಬುರಗಿಯಲ್ಲಿ ದೊಡ್ಡ ಹಬ್ಬ. 2019ರಿಂದ ಅದಕ್ಕೆ ಕಲ್ಯಾಣ ಕರ್ನಾಟಕ ಉತ್ಸವವೆಂದು ಹೆಸರು. ಧ್ವಜಾರೋಹಣವಾಗುತ್ತದೆ, ಭಾಷಣಗಳಾಗುತ್ತವೆ, ಹುತಾತ್ಮರ ಸ್ಮರಣೆಯಾಗುತ್ತದೆ. ಆಗಬೇಕಾದ್ದೇ. ಸುಂದರಲಾಲರ ವರದಿಯಾದರೋ ಕಡತದಲ್ಲಿ ಕಟ್ಟಿಟ್ಟದ್ದು ಕಟ್ಟಿಟ್ಟಂತೆಯೇ ಇತ್ತು. ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಸಾರ್ವಜನಿಕರಿಗೆ ಓದಲು ಸಿಕ್ಕಿದ್ದು 2013ರಲ್ಲಿ. ಅದರಲ್ಲಿ ಕೊಂದವರ ವಿಷಯದಂತೆ ಕಾಪಾಡಿದವರ ವಿಷಯವೂ ಇದೆ. ಒಂದು ಕಡೆ ಹಿಂದೂ ನೇಕಾರರು ತಮ್ಮೊಡನೆ ಮಗ್ಗದ ಕೆಲಸ ಮಾಡುತ್ತಿದ್ದ ಮುಸಲ್ಮಾನ ನೇಕಾರರ ಮುಂದೆ ನಿಂತು, ಬಂದವರನ್ನು ತಡೆದರು. ತಡೆಯುವಾಗ ಅವರಲ್ಲಿಯೂ ಸತ್ತವರಿದ್ದರು. ಅವರ ಹೆಸರುಗಳನ್ನು ಯಾರೂ ಬಾನುಲಿಯಲ್ಲಿ ಹೇಳಲಿಲ್ಲ.